ಬಿಟ್ಟುಹೋದ ಸ್ಲ್ಯಾಶ್: ತಿದ್ದಬೇಕೆ, ತಡೆಯಬೇಕೆ?

ಪ್ರಶ್ನೆ: ಪೀಣ್ಯದ ವರ್ಕ್‌ಶಾಪ್‌ಗಳಿಗೆ ಆರ್ಡರ್ ಸಾಫ್ಟ್‌ವೇರ್ ಬರೆಯುತ್ತಿದ್ದೇವೆ. ರೂಟ್ ಪ್ರಿಫಿಕ್ಸ್‌ನ ಮೊದಲ ಸ್ಲ್ಯಾಶ್ ಬಿಟ್ಟುಹೋದರೆ ನನ್ನ ಕೋಡ್ ತಾನೇ ಸೇರಿಸಿಕೊಳ್ಳುತ್ತದೆ. ಜೊತೆಗಾರ ಎರರ್ ಕೊಡಬೇಕು ಅನ್ನುತ್ತಾನೆ. ಯಾರು ಸರಿ?
– ಓದುಗ, ಲಗ್ಗೆರೆ

ಉತ್ತರ: ನಿಮ್ಮ ಜೊತೆಗಾರರೇ ಸರಿ. ಪ್ರಿಫಿಕ್ಸ್ ಬರೆಯುವವರು ಪ್ರೋಗ್ರಾಮರ್. ತಪ್ಪು ಕಣ್ಣಿಗೆ ಬಿದ್ದರೆ ಆಗಲೇ ತಿದ್ದಿಕೊಳ್ಳುತ್ತಾರೆ. ನೀವು ಸದ್ದಿಲ್ಲದೆ ತಿದ್ದಿದಿರೋ, ಒಬ್ಬರು ಸ್ಲ್ಯಾಶ್ ಹಾಕಿ, ಇನ್ನೊಬ್ಬರು ಹಾಕದೆ ಬರೆದ ಎರಡು ರೂಟ್‌ಗಳು ಒಂದೇ ವಿಳಾಸಕ್ಕೆ ಬಂದು ಕೂರುತ್ತವೆ. ಎಷ್ಟೋ ಫ್ರೇಮ್‌ವರ್ಕ್‌ಗಳಲ್ಲಿ ಮೊದಲು ನೋಂದಾಯಿಸಿದ್ದೇ ಗೆಲ್ಲುತ್ತದೆ, ಎರಡನೆಯದು ಎಂದೂ ಓಡುವುದಿಲ್ಲ. ಲಾಗ್‌ನಲ್ಲೂ ಸುಳಿವಿಲ್ಲ. ಹುಡುಕುತ್ತಾ ಕೂತವರ ಪಾಡು ಕೇಳಬೇಡಿ!

ಫಾಸ್ಟ್‌ಎಪಿಐ ಇಲ್ಲಿ ಕಟ್ಟುನಿಟ್ಟು: ಪ್ರಿಫಿಕ್ಸ್ ಸ್ಲ್ಯಾಶ್‌ನಿಂದ ಶುರುವಾಗಬೇಕು, ಸ್ಲ್ಯಾಶ್‌ನಲ್ಲಿ ಮುಗಿಯಬಾರದು. ತಪ್ಪಿದರೆ ಆ್ಯಪ್ ಶುರುವೇ ಆಗದು. ಜ್ಯಾಂಗೋ ಉಲ್ಟಾ, ಮೊದಲ ಸ್ಲ್ಯಾಶ್ ಬೇಡ ಎಂದು ಎಚ್ಚರಿಸುತ್ತದೆ. ಒಂದರಿಂದ ಇನ್ನೊಂದಕ್ಕೆ ಬಂದವರು ಎಡವುವುದು ಸಹಜ. ಆದ್ದರಿಂದ ಎರರ್ ಸಂದೇಶದಲ್ಲಿ ಅವರು ಬರೆದದ್ದು, ಬರೆಯಬೇಕಾದದ್ದು ಎರಡನ್ನೂ ತೋರಿಸಿ. ಬರೀ ‘ತಪ್ಪು ಪ್ರಿಫಿಕ್ಸ್’ ಎಂದರೆ ಬೈದಂತೆ ಅಷ್ಟೆ.

ಗ್ರಾಹಕರು ಬ್ರೌಸರ್‌ನಲ್ಲಿ ಟೈಪ್ ಮಾಡುವ ವಿಳಾಸದ ಮಾತೇ ಬೇರೆ. ಅಲ್ಲಿ ಉದಾರವಾಗಿರಿ, ಆದರೆ ರೀಡೈರೆಕ್ಟ್ ಮೂಲಕ. ಫಾರ್ಮ್ ಕಳಿಸುವ ಕಡೆ 301 ಬೇಡ. ಬ್ರೌಸರ್ ಪೋಸ್ಟನ್ನು ಗೆಟ್ ಮಾಡಿಬಿಡುತ್ತದೆ, ತುಂಬಿದ ಆರ್ಡರ್ ಮಾಯ. 308 ಬಳಸಿ.

ಈಗಾಗಲೇ ಓಡುತ್ತಿರುವ ಕೋಡ್ ಏಕಾಏಕಿ ನಿಲ್ಲಬಾರದು. ಮುಂದಿನ ಆವೃತ್ತಿಯಲ್ಲಿ ಎಚ್ಚರಿಕೆ ಕೊಡಿ, ಎರರ್ ಅದರ ನಂತರದ ಆವೃತ್ತಿಗಿರಲಿ.