ಹಳೆ ಗೋಡೆಗೆ ಮೊಳೆ ಹೊಡೆಯೋ ಮುಂಚೆ

ಆರ್ಟ್ ಎಕ್ಸಿಬಿಷನ್‌ಗೂ ನಮಗೂ ಏನು ಸಂಬಂಧ ಅಂತ ಇಂಜಿನಿಯರಿಂಗ್ ಓದೋ ನಮ್ಮಲ್ಲಿ ಬಹಳ ಜನ ಅಂದ್ಕೊಂಡಿರ್ತೀವಿ. ಆದರೆ ಒಂದು ಹಳೆ ಕಟ್ಟಡದೊಳಗೆ ಇವತ್ತಿನ ಕಲಾಕೃತಿಗಳನ್ನ ಇಡಬೇಕು ಅಂದಾಗ ಮೊದಲು ಬರೋ ಪ್ರಶ್ನೆಗಳು ನಮ್ಮ ಸಿಲಬಸ್‌ನವೇ. ಈ ಅಟ್ಟ ಎಷ್ಟು ಭಾರ ತಡೆಯುತ್ತೆ? ಈ ಗೋಡೆಗೆ ಡ್ರಿಲ್ ಹಾಕಬಹುದಾ? ಈ ವೈರಿಂಗ್ ಎಷ್ಟು ಕರೆಂಟ್ ತಾಳುತ್ತೆ?

ನಮ್ಮಲ್ಲೇ ಇರೋ ಉದಾಹರಣೆ ಬೆಂಗಳೂರಿನ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ. ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್ ಅನ್ನೋ ಹಳೆ ಬಂಗಲೆಯಲ್ಲಿ ಅದು 2009ರಲ್ಲಿ ಶುರುವಾಯ್ತು. ಮನೆಯ ಕೋಣೆಗಳನ್ನೇ ಗ್ಯಾಲರಿ ಮಾಡಿದ್ರು. ಹೆಚ್ಚು ಜಾಗ ಬೇಕಾದಾಗ ಹಳೇದನ್ನ ಒಡೆಯದೆ ಜೊತೆಗೆ ಹೊಸ ಕಟ್ಟಡ ಸೇರಿಸಿದ್ರು. ಕೊಚ್ಚಿಯ ಬಿಯೆನಾಲೆ 2012ರಲ್ಲಿ ಶುರುವಾದಾಗ ಆಸ್ಪಿನ್‌ವಾಲ್ ಹೌಸ್ ಅನ್ನೋ ಹಳೆ ವ್ಯಾಪಾರಿ ಕಂಪನಿಯ ಕಟ್ಟಡಗಳೇ ಅದರ ಮುಖ್ಯ ಜಾಗವಾದವು. ಅಲ್ಲಿ ವಿವಾನ್ ಸುಂದರಂ ಪಟ್ಟಣಂ ಉತ್ಖನನದಲ್ಲಿ ಸಿಕ್ಕ ಮಡಕೆ ಚೂರುಗಳನ್ನ ನೆಲದ ಮೇಲೇ ಹರಡಿ ಒಂದು ಕೃತಿ ಮಾಡಿದ್ರು. 2014ರಲ್ಲಿ ಅನೀಶ್ ಕಪೂರ್ ಅದೇ ಆಸ್ಪಿನ್‌ವಾಲ್ ಹೌಸ್‌ನ ನೆಲದಲ್ಲಿ ಸುತ್ತುತ್ತಲೇ ಇರೋ ನೀರಿನ ಸುಳಿ ಕೂರಿಸಿದ್ರು. ಸುಳಿಗೆ ಗುಂಡಿ, ನೀರು, ಮೋಟರ್ ಎಲ್ಲ ಬೇಕು. ಅಂಥದ್ದನ್ನ ನೆಲಮಟ್ಟದಲ್ಲಿ ಯೋಚಿಸಬಹುದು, ಮರದ ಅಟ್ಟದ ಮೇಲೆ ಆಗಲ್ಲ.

ಈಗ ಲೆಕ್ಕಕ್ಕೆ ಬರೋಣ. ಹಿರೇಕೆರೂರು ತಾಲ್ಲೂಕಿನ ಚಿಕ್ಕೇರೂರಲ್ಲಿ ಒಂದು ಹಳೆ ಮನೆ ಇದೆ ಅಂತ ಇಟ್ಕೊಳ್ಳಿ. ದಪ್ಪ ಮಣ್ಣಿನ ಗೋಡೆ, ಮರದ ಕಂಬ, ತೊಲೆ, ಅಟ್ಟ, ಮೇಲೆ ಹಂಚು. ಅಲ್ಲಿ ಒಂದು ತಿಂಗಳ ಪ್ರದರ್ಶನ ಮಾಡಬೇಕು.

ಭಾರ

ಐಎಸ್ 875 ಎರಡನೇ ಭಾಗದ ಪ್ರಕಾರ ವಾಸದ ಕೋಣೆಗೆ ಚದರ ಮೀಟರಿಗೆ 2 ಕಿಲೋನ್ಯೂಟನ್, ಆರ್ಟ್ ಗ್ಯಾಲರಿಗೆ 4 ಕಿಲೋನ್ಯೂಟನ್ ಲೈವ್ ಲೋಡ್ ಹಿಡಿಬೇಕು. ಅಂದ್ರೆ ಮನೆಯನ್ನ ಗ್ಯಾಲರಿ ಅಂತ ಕರೆದ ತಕ್ಷಣ ಲೆಕ್ಕದ ಭಾರ ಎರಡು ಪಟ್ಟು. ಹಳೆ ಮನೆಯನ್ನಂತೂ ಯಾವ ಕೋಡ್ ನೋಡಿಯೂ ಕಟ್ಟಿಲ್ಲ.

600 ಕೆಜಿಯ, ಅಂದ್ರೆ ಸುಮಾರು 6 ಕಿಲೋನ್ಯೂಟನ್ ತೂಕದ ಒಂದು ಕಬ್ಬಿಣದ ಶಿಲ್ಪ ಬಂತು. 4 ಮೀಟರ್ ಉದ್ದದ ತೊಲೆಯ ನಟ್ಟನಡುವೆ ಅದರ ಪೂರ್ತಿ ಭಾರ ಬಿದ್ರೆ ಬೆಂಡಿಂಗ್ ಮೊಮೆಂಟ್ 6 ಕಿಲೋನ್ಯೂಟನ್ ಮೀಟರ್. ಅದನ್ನೇ ಗೋಡೆಯಿಂದ ಅರ್ಧ ಮೀಟರ್ ದೂರಕ್ಕೆ ತಂದ್ರೆ ಸುಮಾರು 2.6. ಶಿಲ್ಪ ಅದೇ, ತೊಲೆ ಅದೇ, ಜಾಗ ಬದಲಾಯ್ತು ಅಷ್ಟೇ, ಮೊಮೆಂಟ್ ಅರ್ಧಕ್ಕಿಂತ ಕಮ್ಮಿ ಆಯ್ತು. ಆದರೆ ಗೋಡೆ ಹತ್ರ ಹೋದಷ್ಟೂ ಶಿಯರ್ ಜಾಸ್ತಿ ಆಗುತ್ತೆ. ಗೋಡೆಯೊಳಗೆ ಸೇರಿರೋ ತೊಲೆಯ ತುದಿಗೇ ತೇವ, ಗೆದ್ದಲು ಹಿಡಿಯೋದು ಹೆಚ್ಚು. ಅದಕ್ಕೇ ಮೊದಲು ಆ ತುದಿ ಗಟ್ಟಿ ಇದೆಯಾ ಅಂತ ಊರಿನ ಬಡಗಿಗೆ ತೋರಿಸಬೇಕು. ಅನುಮಾನ ಇದ್ರೆ ಶಿಲ್ಪ ಅಟ್ಟ ಹತ್ತೋದೇ ಬೇಡ, ಪಡಸಾಲೆಯಲ್ಲಿ ಇರಲಿ.

ಗೋಡೆ

ಕಾಂಕ್ರೀಟಿಗೆ ಹಾಕೋ ಆಂಕರ್ ಬೋಲ್ಟ್ ತೂತಿನೊಳಗೆ ಹಿಗ್ಗಿ ಹಿಡಿದುಕೊಳ್ಳುತ್ತೆ. ಮಣ್ಣು, ಗಾರೆಯ ಗೋಡೆಗೆ ಆ ಒತ್ತಡ ತಡೆಯೋ ಶಕ್ತಿ ಇಲ್ಲ, ಬಿರುಕು ಬಿಡುತ್ತೆ. ಪ್ರದರ್ಶನ ಮುಗಿದ ಮೇಲೆ ತೂತಿಗೆ ಸಿಮೆಂಟ್ ಮೆತ್ತೋದು ಇನ್ನೂ ಕೆಟ್ಟದ್ದು. ಸುಣ್ಣದ ಗಾರೆ ತೇವವನ್ನ ಹೊರಗೆ ಬಿಡುತ್ತೆ, ಸಿಮೆಂಟ್ ತಡೆಯುತ್ತೆ. ಒಳಗೆ ಉಳಿದ ತೇವ ಅಕ್ಕಪಕ್ಕದ ಗಾರೆಯನ್ನೂ ಉದುರಿಸುತ್ತೆ. ಆದ್ದರಿಂದ ನೆಲದ ಮೇಲೆ ತಾವೇ ನಿಲ್ಲೋ ಪ್ಯಾನೆಲ್ ಮಾಡಿ, ಬುಡಕ್ಕೆ ಮರಳು ಚೀಲದ ಭಾರ ಕೊಟ್ಟು, ಚಿತ್ರಗಳನ್ನ ಅದಕ್ಕೆ ತೂಗುಹಾಕೋದು ಒಳ್ಳೇದು. ಪ್ಯಾನೆಲ್ಲಿಗೂ ಗೋಡೆಗೂ ಮಧ್ಯೆ ಗಾಳಿ ಆಡೋಕೆ ಜಾಗ ಇರಲಿ.

ಬೆಳಕು, ಕರೆಂಟ್

ಕಾಗದ, ಬಟ್ಟೆ, ಜಲವರ್ಣಕ್ಕೆ ಮ್ಯೂಸಿಯಂಗಳಲ್ಲಿ ಸಾಮಾನ್ಯವಾಗಿ 50 ಲಕ್ಸ್ ಮಿತಿ. ದಿನಕ್ಕೆ 8 ಗಂಟೆ, 30 ದಿನ ಅಂದ್ರೆ ಒಟ್ಟು 12,000 ಲಕ್ಸ್-ಗಂಟೆ. ಕಿಟಕಿಯಿಂದ ಬೀಳೋ ಬಿಸಿಲು 50,000 ಲಕ್ಸ್ ಇದ್ರೆ, ಒಂದು ತಿಂಗಳ ಆ ಪ್ರಮಾಣ 15 ನಿಮಿಷದೊಳಗೆ ಮುಗಿದುಹೋಗುತ್ತೆ! ಹಾಗಾಗಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಬಿಸಿಲು ಎಲ್ಲೆಲ್ಲಿ ಬೀಳುತ್ತೆ ಅಂತ ಗುರುತು ಮಾಡಿಕೊಂಡೇ ಚಿತ್ರದ ಜಾಗ ನಿರ್ಧರಿಸಬೇಕು.

500 ವ್ಯಾಟಿನ ಹತ್ತು ಹ್ಯಾಲೊಜೆನ್ ಹಾಕಿದ್ರೆ 230 ವೋಲ್ಟಿನಲ್ಲಿ ಸುಮಾರು 22 ಆಂಪಿಯರ್. 30 ವ್ಯಾಟಿನ ಹತ್ತು ಎಲ್‌ಇಡಿಗೆ 1.3 ಆಂಪಿಯರ್ ಸಾಕು. ಒಣಗಿದ ಹಳೆ ಮರದ ಮನೆಯಲ್ಲಿ ಈ ವ್ಯತ್ಯಾಸ ಬರೀ ಬಿಲ್ಲಿನದಲ್ಲ, ಬೆಂಕಿಯದು. ಹಳೆ ವೈರಿಂಗ್ ಮುಟ್ಟದೆ ಮೀಟರ್ ಹತ್ರದಿಂದ ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕೈಲಿ ಬೇರೆ ಲೈನ್ ಎಳೆಸಿ, ಆರ್‌ಸಿಸಿಬಿ ಹಾಕಿಸಬೇಕು.

ಇವತ್ತಿನ ಕಲಾವಿದರು ಕಾಳು, ಬೆಲ್ಲ, ಗೋವಿನಜೋಳದ ದಂಟು ಏನು ಬೇಕಾದ್ರೂ ಬಳಸ್ತಾರೆ. ಬಳಸಲಿ. ಆದರೆ ಅದರ ಜೊತೆ ಬರೋ ಹುಳ, ಇರುವೆ ಮನೆಯ ಮರಕ್ಕೋ ಪಕ್ಕದ ಕೃತಿಗೋ ದಾಟಬಾರದು. ಒಣಗಿಸಿ, ಪರೀಕ್ಷಿಸಿ, ಕೆಳಗೆ ಟ್ರೇ ಇಟ್ಟು ಕೂರಿಸಬೇಕು.

ಅನುಮತಿ

ಖಾಸಗಿ ಮನೆಯಾದ್ರೆ ಮಾಲೀಕರ ಒಪ್ಪಿಗೆ ಬರಹದಲ್ಲಿ ಬೇಕು. ಹಾನಗಲ್ಲಿನ ತಾರಕೇಶ್ವರ ದೇವಸ್ಥಾನದಂಥ ರಕ್ಷಿತ ಸ್ಮಾರಕದ ಮಾತೇ ಬೇರೆ. ಕೇಂದ್ರದ ರಕ್ಷಣೆಯಲ್ಲಿರೋ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ ಅಂತ 2010ರ ತಿದ್ದುಪಡಿ ಹೇಳುತ್ತೆ. ಪುರಾತತ್ವ ಇಲಾಖೆಯನ್ನ ಕೇಳದೆ ಅಲ್ಲಿ ಒಂದು ಪೆಂಡಾಲ್ ಹಾಕೋ ಯೋಚನೆಯನ್ನೂ ಮಾಡಬಾರದು.

ಇಷ್ಟೆಲ್ಲ ಯಾಕೆ ಅಂದ್ರೆ, ಕಲಾಕೃತಿ ತಿಂಗಳಾದ ಮೇಲೆ ಲಾರಿ ಹತ್ತಿ ಹೋಗುತ್ತೆ; ಗೋಡೆ ಅಲ್ಲೇ ಇರುತ್ತೆ. ನಮ್ಮ ಊರುಗಳಲ್ಲಿ ಹಳೆ ಮನೆ ಇಟ್ಕೊಂಡು ಏನು ಉಪಯೋಗ ಅಂತ ಕೆಡವಿ ಆರ್‌ಸಿಸಿ ಹಾಕೋರೇ ಜಾಸ್ತಿ. ಪ್ರದರ್ಶನ ಚೆನ್ನಾಗಿ ನಡೆದು ಮನೆ ಹೇಗಿತ್ತೋ ಹಾಗೇ ವಾಪಸ್ ಸಿಕ್ಕಿದ್ರೆ, ಕೆಡವೋ ಮುಂಚೆ ಮಾಲೀಕರು ಇನ್ನೊಂದು ಸಲ ಯೋಚಿಸಬಹುದು. ಬಿರುಕು ಬಿಟ್ಟ ಗೋಡೆ ವಾಪಸ್ ಕೊಟ್ರೆ ಕೆಡವೋಕೆ ನಾವೇ ಕಾರಣ ಕೊಟ್ಟ ಹಾಗೆ. ಅದಕ್ಕೇ ಮೊದಲ ದಿನವೇ ಪ್ರತಿ ಗೋಡೆ, ತೊಲೆ, ಬಿರುಕಿನ ಫೋಟೋ ತೆಗೆದು ಅಳತೆ ಬರೆದಿಡೋಣ. ಕೊನೆ ದಿನ ಮಾಲೀಕರ ಜೊತೆ ನಿಂತು, ಅದೇ ಪಟ್ಟಿ ಹಿಡಿದು ಒಂದೊಂದನ್ನೇ ತಾಳೆ ನೋಡಿ, ಆಮೇಲೆ ಕೀಲಿ ಕೊಡೋಣ.