ಅಜ್ಜಿ ನನ್ನ ಹೆಸರು ಮರೆತರೆ?

ಮನೆಯ ಹಿರಿಯರು ಕೇಳಿದ್ದನ್ನೇ ಮತ್ತೆ ಮತ್ತೆ ಕೇಳತೊಡಗಿದಾಗ, ಉಂಡು ಕೈತೊಳೆದ ಮೇಲೂ "ನನಗೆ ಊಟವನ್ನೇ ಹಾಕಲಿಲ್ಲ" ಎಂದು ದೂರಿದಾಗ, 'ಅರವತ್ತಕ್ಕೆ ಅರಳುಮರುಳು' ಎಂದು ಹೇಳಿ ನಾವು ಸುಮ್ಮನಾಗುತ್ತೇವೆ. ದೊಡ್ಡವರಿಗೆ ಆ ಮಾತು ಸಾಕಾಗಬಹುದು. ಆದರೆ ಅದೇ ಮನೆಯಲ್ಲಿರುವ ಏಳೆಂಟು ವರ್ಷದ ಮಗುವಿಗೆ ಅದರಿಂದ ಏನೂ ತಿಳಿಯುವುದಿಲ್ಲ. ತನ್ನ ಕೈಹಿಡಿದು ಶಿಲುಬೆಯ ಗುರುತು ಹಾಕಲು ಕಲಿಸಿದ ಅಜ್ಜಿ ಒಂದು ದಿನ "ನೀನು ಯಾರ ಮಗು?" ಎಂದು ಕೇಳಿದರೆ, ಆ ಮಗು ಯಾರ ಬಳಿ ಹೋಗಿ ಅಳಬೇಕು?

ಮೊದಲು ತಂದೆತಾಯಿಯರು ಒಂದು ವಿಷಯ ತಿಳಿದಿರಬೇಕು. ಇದು ಮುಪ್ಪಲ್ಲ, ಮೆದುಳಿನ ರೋಗ. ಜರ್ಮನಿಯ ವೈದ್ಯ ಅಲೋಯ್ಸ್ ಅಲ್ಜೈಮರ್ ಅವರು 1906ರಲ್ಲಿ ಇದನ್ನು ವಿವರಿಸಿದ್ದು ಐವತ್ತರ ಆಸುಪಾಸಿನಲ್ಲೇ ನೆನಪು ಕಳೆದುಕೊಂಡ ಒಬ್ಬ ಹೆಂಗಸಿನ ವಿಷಯದಲ್ಲಿ. ನಮ್ಮ ದೇಶದಲ್ಲಿ ಅರವತ್ತು ದಾಟಿದವರ ಪೈಕಿ ಸುಮಾರು 88 ಲಕ್ಷ ಮಂದಿಗೆ ಇಂಥ ಮರೆವಿನ ಕಾಯಿಲೆಗಳಿವೆ ಎಂದು 2023ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. ಅವುಗಳಲ್ಲಿ ಹೆಚ್ಚಾಗಿ ಕಂಡುಬರುವುದು ಅಲ್ಜೈಮರ್ಸ್. ಥೈರಾಯ್ಡ್ ತೊಂದರೆ, ಬಿ-12 ಜೀವಸತ್ವದ ಕೊರತೆ, ಮನಸ್ಸಿನ ಖಿನ್ನತೆಗಳಿಂದಲೂ ಮರೆವು ಬರಬಹುದು, ಅವಕ್ಕೆ ಔಷಧಿ ಇದೆ. ಆದ್ದರಿಂದ ನಾವೇ ತೀರ್ಮಾನಿಸದೆ ವೈದ್ಯರಿಗೆ ತೋರಿಸಬೇಕು.

ರೋಗದ ಹೆಸರು ತಿಳಿದ ದಿನವೇ ಮಕ್ಕಳಿಗೂ ಹೇಳಿಬಿಡುವುದು ಒಳ್ಳೆಯದು. "ಅಜ್ಜಿಗೆ ಸ್ವಲ್ಪ ಹುಷಾರಿಲ್ಲ" ಎಂದರೆ ಸಾಲದು. ಜ್ವರವಾದರೆ ನಾಲ್ಕು ದಿನದಲ್ಲಿ ಹೋಗುತ್ತದೆ ಎಂಬುದು ಮಗುವಿಗೆ ಗೊತ್ತು. ಇದು ಹಾಗಲ್ಲವಲ್ಲ. ನೋಟುಬುಕ್ಕಿನ ಹೋಲಿಕೆ ಇಲ್ಲಿ ಉಪಯೋಗಕ್ಕೆ ಬರುತ್ತದೆ: "ಅಜ್ಜಿಯ ನೆನಪು ಒಂದು ದಪ್ಪ ಪುಸ್ತಕ ಇದ್ದಂತೆ ಪುಟ್ಟಾ. ಕೊನೆಯ ಹಾಳೆಗಳು ಮೊದಲು ಉದುರುತ್ತಿವೆ. ನಿನ್ನೆ ಮೊನ್ನೆಯದು ಅದರಲ್ಲಿ ನಿಲ್ಲುವುದಿಲ್ಲ. ಅವರು ಚಿಕ್ಕವರಾಗಿದ್ದಾಗಿನ ಹಾಳೆಗಳು ಇನ್ನೂ ಇವೆ." ಅಜ್ಜಿ ಬಾಲ್ಯದ ಗೆಳತಿಯ ಹೆಸರು ಹೇಳಿ ಮೊಮ್ಮಗಳ ಹೆಸರು ಮರೆಯುವುದು ಪ್ರೀತಿ ಕಡಿಮೆಯಾಗಿ ಅಲ್ಲ ಎಂಬುದು ಇದರಿಂದ ಮಗುವಿಗೆ ಅರ್ಥವಾಗುತ್ತದೆ.

ಮಗು ಬಾಯಿಬಿಟ್ಟು ಕೇಳದ ಪ್ರಶ್ನೆಗಳೂ ಇರುತ್ತವೆ. ನಾನು ತಂಟೆ ಮಾಡಿದ್ದಕ್ಕೆ ಹೀಗಾಯಿತೆ? ನನಗೂ ಅಂಟಿಕೊಳ್ಳುತ್ತದೆಯೆ? ಅಮ್ಮನೂ ಒಂದು ದಿನ ನನ್ನನ್ನು ಮರೆಯುತ್ತಾಳೆಯೆ? ಕೇಳಲಿ ಎಂದು ಕಾಯದೆ ನಾವೇ ಉತ್ತರ ಹೇಳಬೇಕು. ಯಾರ ತಪ್ಪೂ ಅಲ್ಲ. ಇದು ಅಂಟುರೋಗವಲ್ಲ, ಅಜ್ಜಿಯ ತಟ್ಟೆಯಿಂದ ತುತ್ತು ತಿಂದರೂ ಬರುವುದಿಲ್ಲ. ಅಜ್ಜಿಗೆ ಬಂದ ಮಾತ್ರಕ್ಕೆ ಅಮ್ಮನಿಗೂ ಬಂದೇ ಬರುತ್ತದೆ ಎಂದೇನಿಲ್ಲ.

ತೀರಾ ನೋಯಿಸುವುದು ಕಳ್ಳತನದ ಆರೋಪ. ತಾನೇ ಎಲ್ಲೋ ಇಟ್ಟ ಜಪಸರ ಸಿಗದೆ "ಈ ಹುಡುಗನೇ ಕದ್ದ" ಎಂದು ಅಜ್ಜಿ ಕೂಗಾಡಬಹುದು. ಈ ರೋಗದಲ್ಲಿ ಇದು ಸಾಮಾನ್ಯ. ಆಗ ಅಜ್ಜಿಯೊಡನೆ ವಾದ ಬೇಡ, ಎಲ್ಲರೂ ಸೇರಿ ಹುಡುಕಿ. ಆದರೆ ಮಗುವನ್ನು ಪಕ್ಕಕ್ಕೆ ಕರೆದು "ನೀನು ತೆಗೆದಿಲ್ಲವೆಂದು ನಮಗೆ ಗೊತ್ತು" ಎಂದು ಸ್ಪಷ್ಟವಾಗಿ ಹೇಳಿ. ಮಗುವಿಗೆ ಸಿಟ್ಟು ಬಂದರೆ, ಗೆಳೆಯರನ್ನು ಮನೆಗೆ ಕರೆಯಲು ನಾಚಿಕೆಯಾದರೆ ಅದನ್ನು ಪಾಪವೆಂಬಂತೆ ಗದರಿಸಬೇಡಿ.

ಜ್ಞಾನೋಪದೇಶಕ್ಕೆ ಹೋಗುವ ಮಕ್ಕಳಿಗೆ ಇನ್ನೊಂದು ತೊಡಕು. ತೀರಿಹೋಗಿ ಹತ್ತು ವರ್ಷವಾದ ಗಂಡನನ್ನು ಅಜ್ಜಿ ಕೇಳುತ್ತಾರೆ: "ತಾತ ಇನ್ನೂ ಬರಲಿಲ್ಲವಾ?" ಮಗು ನಿಜ ಹೇಳಿದರೆ ಅಜ್ಜಿ ಅಂದೇ ಸುದ್ದಿ ಕೇಳಿದವರಂತೆ ಗೋಳಾಡುತ್ತಾರೆ, ಸಂಜೆಗೆ ಮರೆತು ಮತ್ತೆ ಕೇಳುತ್ತಾರೆ. "ಈಗ ಬರ್ತಾರೆ" ಎಂದರೆ ಸುಳ್ಳಾಯಿತಲ್ಲ ಎಂದು ಮಗು ಚಿಂತಿಸುತ್ತದೆ. ಎರಡೂ ಬೇಡ. "ಅಜ್ಜಿ, ತಾತ ಸಂತೆಯಿಂದ ಏನೇನು ತರ್ತಿದ್ರು?" ಎಂದು ಕೇಳಲು ಕಲಿಸಿ. ಅದರಲ್ಲಿ ಸುಳ್ಳಿಲ್ಲ. ಅಜ್ಜಿಗೆ ಬೇಕಾಗಿರುವುದು ತಾತನ ವಿಷಯ ಮಾತಾಡಲು ಒಬ್ಬರು. ತಂದೆಯ ಬುದ್ಧಿ ಕುಂದಿದರೂ ತಾಳ್ಮೆಯಿಂದಿರು ಎಂದು ಸಿರಾಖನ ಗ್ರಂಥದ 3ನೇ ಅಧ್ಯಾಯ ಮಗನಿಗೆ ಹೇಳುತ್ತದೆ. ಈ ಕಷ್ಟ ಅಂದಿನ ಮನೆಗಳಲ್ಲೂ ಇತ್ತು.

ನೆಂಟರಿಗೂ ಒಂದು ಮಾತು. ಮನೆಗೆ ಬಂದೊಡನೆ "ನಾನು ಯಾರು ಹೇಳಿ ನೋಡೋಣ" ಎಂದು ಪರೀಕ್ಷೆ ಮಾಡುವ ಆಟವನ್ನು ದಯವಿಟ್ಟು ಬಿಡಿ. ಅದನ್ನು ನೋಡಿ ಮಕ್ಕಳೂ ಕಲಿಯುತ್ತಾರೆ. "ಅಜ್ಜಿ, ನಾನು ನಿಮ್ಮ ಮೊಮ್ಮಗಳು" ಎಂದು ತಾನೇ ಹೇಳಿಕೊಂಡು ಹತ್ತಿರ ಕೂರುವುದು ಎಷ್ಟೋ ಮೇಲು.

ಮಗುವಿಗೆ ಅಜ್ಜಿಯೊಡನೆ ಮಾಡಲು ಒಂದು ಸಣ್ಣ ಕೆಲಸ ಕೊಡಿ. ಅವರೆಕಾಯಿ ಸುಲಿಯುವುದು, ಹಳೆಯ ಮದುವೆ ಫೋಟೊ ನೋಡುವುದು, ಸಂಜೆಯ ಜಪಸರ. ಚಿಕ್ಕಂದಿನಲ್ಲಿ ಕಲಿತ ಪ್ರಾರ್ಥನೆ, ಹಾಡುಗಳು ಬಹಳ ಕಾಲ ಉಳಿಯುತ್ತವೆ. ಮಗು 'ನಮೋ ಮರಿಯೆ' ಎಂದು ಶುರುಮಾಡಿದರೆ, ದಿನವಿಡೀ ಮಾತಾಡದ ಅಜ್ಜಿ ಮುಂದಿನದನ್ನು ತಾವೇ ಹೇಳಿ ಮುಗಿಸಬಹುದು. ಹೇಳದಿದ್ದರೂ ಚಿಂತೆಯಿಲ್ಲ, ಮಣಿಗಳನ್ನು ಕೈಯಲ್ಲಿ ಹಿಡಿದಿರಲಿ. ಆದರೆ ಕಾವಲು ಕೆಲಸ ಮಗುವಿಗೆ ಬೇಡ. ಗ್ಯಾಸ್ ಒಲೆ ಹಚ್ಚಿಡುವ, ಬಾಗಿಲು ತೆರೆದು ಹೊರಟುಬಿಡುವ ಹಿರಿಯರನ್ನು ಮಗುವಿನ ಕೈಗೊಪ್ಪಿಸಿ ದೊಡ್ಡವರು ಹೊರಗೆ ಹೋಗಬಾರದು. ಸಲಹೆ ಬೇಕಾದರೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು.

ಅಜ್ಜಿಯನ್ನು ದೇವಾಲಯಕ್ಕೆ ಕರೆತರಲಾಗದಿದ್ದರೆ ಗುರುಗಳಿಗೆ ತಿಳಿಸಿ, ಪರಮಪ್ರಸಾದವನ್ನು ಮನೆಗೇ ತರುತ್ತಾರೆ. ನುಂಗಲು ಕಷ್ಟವಾದರೆ ಸಣ್ಣ ತುಣುಕು, ಮೇಲೆ ಸ್ವಲ್ಪ ನೀರು ಸಾಕು. ರೋಗಿಗಳ ಅಭ್ಯಂಗ ಸಂಸ್ಕಾರವನ್ನು ಕೊಡಿಸುವುದಾದರೆ ಮಕ್ಕಳಿಗೆ ಮುಂಚೆಯೇ ಹೇಳಿ: ಅದು ಸಾಯುವವರಿಗೆ ಮಾತ್ರವಲ್ಲ, ಅಜ್ಜಿಗೆ ದೇವರು ಬಲ ಕೊಡಲೆಂದು. ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ, ಶಿಲುಬೆಯನ್ನಿಟ್ಟು ಮೇಣದಬತ್ತಿ ಸಿದ್ಧಪಡಿಸುವ ಕೆಲಸ ಅವರದೇ ಆಗಲಿ. ನಡುವೆ ಅಜ್ಜಿ ಎದ್ದು ಹೊರಟರೆ ಗುರುಗಳು ಬೇಸರಪಡುವುದಿಲ್ಲ, ಸ್ವಲ್ಪ ಹೊತ್ತು ಕಾಯುತ್ತಾರೆ ಎಂಬುದನ್ನೂ ಅವರಿಗೆ ತಿಳಿಸಿರಿ.