ತೋಟದ ಕೆಲಸದವರಿಗೆ ತರಬೇತಿ ಮತ್ತು ಮನೆ: ಸರಕಾರದ ಹಣ ಎಲ್ಲಿ ತಪ್ಪುತ್ತದೆ?



ಕಳೆದ ತಿಂಗಳು ಮನೆಭೇಟಿಗೆ ಹೋಗಿದ್ದಾಗ ನಮ್ಮ ರೈತರೊಬ್ಬರು ತೆಂಗಿನ ತೋಟ ತೋರಿಸಿ, "ಫಾದರ್, ಕಾಯಿ ಒಣಗಿ ತಾನಾಗಿ ಬೀಳುವುದನ್ನು ಕಾಯುವುದೇ ಆಗಿದೆ, ಮರ ಏರುವವರು ಸಿಗುವುದಿಲ್ಲ" ಎಂದರು. ಅದೇ ತೋಟದ ಮೂಲೆಯಲ್ಲಿ ಶೀಟು ಹೊದೆಸಿದ ಬಿಡಾರದಲ್ಲಿರುವ ಅವರ ಕೆಲಸದವನು ಗೇಟಿನವರೆಗೆ ಜೊತೆಗೆ ಬಂದು, "ಪಂಚಾಯತಿನ ಮನೆ ನಮಗೆ ಈ ಸಲವೂ ಇಲ್ಲವಂತೆ ಫಾದರ್" ಎಂದ. ಇಬ್ಬರ ತೊಂದರೆಗೂ ಸರಕಾರದ ನೆರವು ಇದೆ. ಅದು ನಮ್ಮ ಮನೆಬಾಗಿಲಿಗೆ ಯಾಕೆ ಬರುವುದಿಲ್ಲ ಎಂಬುದನ್ನು ಈ ಸಲ ನೋಡೋಣ.

ಮೊದಲು ತರಬೇತಿ. ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ 'ತೆಂಗಿನ ಮರದ ಗೆಳೆಯರು' ಎಂಬ ಯೋಜನೆ ಆರಂಭಿಸಿತು. ಆರು ದಿನಗಳ ತರಬೇತಿ. ಯಂತ್ರದ ಸಹಾಯದಿಂದ ಮರ ಏರುವುದು, ಕಾಯಿ ಕೀಳುವುದು, ತಲೆ ಬಿಡಿಸುವುದು, ರೋಗ ಗುರುತಿಸಿ ಮದ್ದು ಹಾಕುವುದು, ಎಲ್ಲವನ್ನೂ ಕಲಿಸುತ್ತಾರೆ. ಕಲಿತವರಿಗೆ ಮರ ಏರುವ ಯಂತ್ರವನ್ನೂ ಕೊಟ್ಟು ಕಳುಹಿಸುವುದು ಈ ಯೋಜನೆಯ ವಿಶೇಷ. ಹೆಂಗಸರು ಕೂಡಾ ಕಲಿತು ಸಂಪಾದನೆ ಮಾಡುತ್ತಿದ್ದಾರೆ. ಈ ಯಂತ್ರಗಳಲ್ಲಿ ಹೆಸರಾದ ಚೆಂಬೇರಿ ಮಾದರಿಯನ್ನು ಕಂಡುಹಿಡಿದವರು ದೊಡ್ಡ ಇಂಜಿನಿಯರರಲ್ಲ, ನೆರೆಯ ಕಣ್ಣೂರು ಜಿಲ್ಲೆಯ ಚೆಂಬೇರಿಯ ಕೃಷಿಕ ಎಂ.ಜೆ. ಜೋಸೆಫ್ ಎಂಬವರು. ನಮ್ಮ ಜಿಲ್ಲೆಯವರು ಇದಕ್ಕಾಗಿ ದೂರ ಹೋಗಬೇಕಾಗಿಲ್ಲ. 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಹುಟ್ಟಿ 1970ರಲ್ಲಿ ಸಿ.ಪಿ.ಸಿ.ಆರ್.ಐ. ಆದ ಸಂಸ್ಥೆ ಕಾಸರಗೋಡಿನಲ್ಲೇ ಇದೆ. ಅಲ್ಲಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿದರೆ ಮುಂದಿನ ತಂಡ ಯಾವಾಗ ಎಂದು ತಿಳಿಯುತ್ತದೆ.

ಇಲ್ಲಿ ಆರೋಗ್ಯದ ಮಾತೊಂದು. ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದರೆ ಸೊಂಟದ ಕೆಳಗೆ ಸ್ವಾಧೀನವೇ ತಪ್ಪಬಹುದು. ಅಂಥ ಒಬ್ಬರಿಗೆ ಹನ್ನೊಂದು ವರ್ಷ ಮಂಚದ ಬಳಿಯೇ ಪರಮಪ್ರಸಾದ ಕೊಟ್ಟಿದ್ದೇನೆ. ಮನೆ ಪೂರ್ತಿ ಅವರೊಂದಿಗೆ ಮಲಗಿಬಿಟ್ಟಿತ್ತು. ಮರ ಏರುವವರಿಗಾಗಿ ಮಂಡಳಿಯದ್ದೇ 'ಕೇರ ಸುರಕ್ಷಾ' ಎಂಬ ಅಪಘಾತ ವಿಮೆ ಇದೆ. ಕಂತಿನ ಹೆಚ್ಚಿನ ಪಾಲನ್ನು ಮಂಡಳಿ ಭರಿಸುತ್ತದೆ. ಉಳಿದ ಪಾಲು ಒಂದು ದಿನದ ಕೂಲಿಗಿಂತ ಕಡಿಮೆ. ತೋಟದ ಯಜಮಾನರೇ ಅದನ್ನು ಕಟ್ಟಿಬಿಟ್ಟರೆ ನಷ್ಟವೇನೂ ಇಲ್ಲ. ಪ್ರತಿ ವರ್ಷ ನವೀಕರಿಸಬೇಕು ಎಂಬುದನ್ನು ಮಾತ್ರ ಮರೆಯಬಾರದು.

ಮರ ಏರಲು ಆಗದವರಿಗೆ, ತೋಟದ ಕೆಲಸ ಮಳೆಗಾಲದಲ್ಲಿ ನಿಂತುಹೋಗುವವರಿಗೆ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳಿವೆ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್ ಮತ್ತು ಕೆನರಾ ಬ್ಯಾಂಕುಗಳೊಂದಿಗೆ ಸೇರಿ ಆರಂಭಿಸಿದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲೇ ಕೇಂದ್ರ ಸರಕಾರ ಇವನ್ನು ದೇಶದ ಜಿಲ್ಲೆಗಳಿಗೆಲ್ಲ ಹಬ್ಬಿಸಿತು. ಆಡು ಸಾಕಣೆ, ಹೈನುಗಾರಿಕೆ, ಹೊಲಿಗೆ, ವಾಹನ ರಿಪೇರಿ ಮುಂತಾದವು ಉಚಿತ. ಊಟ, ವಸತಿಯೂ ಉಚಿತ. ಕಲಿತ ಮೇಲೆ ಎರಡು ವರ್ಷ ಬೆನ್ನಿಗೆ ನಿಂತು ಬ್ಯಾಂಕು ಸಾಲಕ್ಕೂ ದಾರಿ ಮಾಡಿಕೊಡುತ್ತಾರೆ. ಬ್ಯಾಂಕು ಎಂದರೆ ಹೆದರುವ ನಮ್ಮವರಿಗೆ ಇದೇ ದೊಡ್ಡ ಉಪಕಾರ.

ಇನ್ನು ಮನೆ. ಕೇಂದ್ರದ ಹಳೆಯ ಇಂದಿರಾ ಆವಾಸ್ ಯೋಜನೆ 2016ರಲ್ಲಿ ಪ್ರಧಾನ ಮಂತ್ರಿ ಆವಾಸ್ ಆಯಿತು. ಬಯಲು ಪ್ರದೇಶಕ್ಕೆ 1,20,000 ರೂಪಾಯಿ ನಿಗದಿಯಾಯಿತು. ಇಷ್ಟರಲ್ಲಿ ನಮ್ಮ ಕಡೆ ಗೋಡೆಯೂ ಏಳದು. ಅದೇ ವರ್ಷ ಆರಂಭವಾದ ಕೇರಳದ ಲೈಫ್ ಮಿಷನ್‌ನಲ್ಲಿ ರಾಜ್ಯ ಮತ್ತು ಪಂಚಾಯತಿನ ಪಾಲು ಸೇರಿ ಸಾಮಾನ್ಯವಾಗಿ 4 ಲಕ್ಷ ರೂಪಾಯಿ ಎಂದು ಮಾಡಿದರು. ಹಣ ಒಟ್ಟಿಗೆ ಬರುವುದಿಲ್ಲ, ಕೆಲಸ ಮುಂದುವರಿದಂತೆ ಕಂತಿನಲ್ಲಿ ಬರುತ್ತದೆ. ಆದ್ದರಿಂದ ಮೊದಲ ಕಂತಿನಲ್ಲೇ ಆಸೆಯಿಂದ ದೊಡ್ಡ ಅಡಿಪಾಯ ಹಾಕಬೇಡಿ. ಲಿಂಟಲ್ ಮಟ್ಟಕ್ಕೆ ನಿಂತು ಪಾಚಿ ಹಿಡಿದ ಮನೆಗಳನ್ನು ನೀವೂ ನೋಡಿದ್ದೀರಿ. ಅವುಗಳಲ್ಲಿ ಅನೇಕವು ಮಗಳ ಮದುವೆಯನ್ನು ಲೆಕ್ಕಹಾಕಿ ಒಂದು ಕೋಣೆ ಹೆಚ್ಚು ಹಾಕಿದವು.

ಮೇಲೆ ಹೇಳಿದ ಕೆಲಸದವನಿಗೆ ಮನೆ ಏಕೆ ಸಿಗಲಿಲ್ಲ? ಅವನ ಕಾಗದಗಳನ್ನು ಬಿಚ್ಚಿ ನೋಡಿದೆ. 1970ರ ಭೂಸುಧಾರಣೆಯಲ್ಲಿ ಅವನ ಅಜ್ಜನಿಗೆ ಕುಡಿಕಿಡಪ್ಪು ಹಕ್ಕಿನಲ್ಲಿ ಹತ್ತು ಸೆಂಟ್ಸ್ ಸಿಕ್ಕಿತ್ತು. ಅಲ್ಲಿನ ಹಳೆಯ ಮನೆಯಲ್ಲಿ ಈಗ ಅಣ್ಣಂದಿರ ಸಂಸಾರ. ಇವನು ಮದುವೆಯಾಗಿ ಹೊರಗೆ ಬಂದು ಒಂಬತ್ತು ವರ್ಷವಾದರೂ ಇವನ, ಹೆಂಡತಿ ಮಕ್ಕಳ ಹೆಸರು ತಂದೆಯ ರೇಷನ್ ಕಾರ್ಡಿನಲ್ಲೇ ಇತ್ತು. ಲೈಫ್ ಮಿಷನ್ 2020ರಲ್ಲಿ ಅರ್ಜಿ ಕರೆದಾಗ ಲೆಕ್ಕಕ್ಕೆ ತೆಗೆದುಕೊಂಡದ್ದು ರೇಷನ್ ಕಾರ್ಡಿನ ಕುಟುಂಬವನ್ನು. ಕಾಗದದ ಪ್ರಕಾರ ಇವನಿಗೆ ಮನೆ ಇದೆ! 2022ರಲ್ಲಿ ಅಂತಿಮ ಪಟ್ಟಿ ಆಗುವ ಮೊದಲು ಎರಡು ಸಲ ಮೇಲ್ಮನವಿಗೆ ಅವಕಾಶವಿತ್ತು. ಅದನ್ನು ತಿಳಿಸಿದ ಮಲಯಾಳದ ಕಾಗದ ಓದಲು ಬಾರದೆ, ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟಿದ್ದ. ನಾನು ಅದೇ ಮನೆಗೆ ಎರಡು ಸಲ ಹೋಗಿ ಚಹಾ ಕುಡಿದು ಬಂದಿದ್ದೆ, ಕೇಳಲಿಲ್ಲ.

ಆದ್ದರಿಂದ ಬೇರೆ ಒಲೆ ಹೂಡಿದವರು ಮುಂದಿನ ಅರ್ಜಿ ಕರೆಯುವವರೆಗೆ ಕಾಯದೆ ಈಗಲೇ ಬೇರೆ ರೇಷನ್ ಕಾರ್ಡಿಗೆ ಓಡಾಡಬೇಕು. ಭಾಷೆಗೆ ಅಂಜಬೇಕಾಗಿಲ್ಲ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆ ಕನ್ನಡ ಅಲ್ಪಸಂಖ್ಯಾತರಿಗೆ ಇಲ್ಲಿನ ಸರಕಾರಿ ಕಚೇರಿಗಳೊಂದಿಗೆ ಕನ್ನಡದಲ್ಲಿ ವ್ಯವಹರಿಸುವ ಹಕ್ಕು ಕೊಟ್ಟಿದೆ. ಉತ್ತರವೂ ಕನ್ನಡದಲ್ಲಿ ಬರಬೇಕು. ನಾವು ಕೇಳದೆ ಯಾರೂ ಕೊಡಲಾರರು. ಗ್ರಾಮಸಭೆಯ ದಿನ ಕೂಲಿ ಹೋಗುತ್ತದೆಂದು ತಪ್ಪಿಸಿಕೊಳ್ಳಬೇಡಿ, ಹೆಸರು ಓದುವುದೂ ಬಿಡುವುದೂ ಅಲ್ಲಿಯೇ.

ಜಾಗವೇ ಇಲ್ಲದವರ ಕಷ್ಟ ಬೇರೆ. 2021ರ ಕೊನೆಗೆ ಕೇರಳ ಸರಕಾರ 'ಮನಸ್ಸೋಡಿತ್ತಿರಿ ಮಣ್ಣ್' ಎಂದು, ಅಂದರೆ ಮನಸಾರೆ ಒಂದಿಷ್ಟು ಮಣ್ಣು ಎಂದು, ಜಾಗ ಇದ್ದವರಲ್ಲಿ ಕೇಳಿಕೊಂಡಿತ್ತು. ನಮ್ಮಲ್ಲಿ ಐದೆಕರೆ, ಹತ್ತೆಕರೆ ಇರುವವರಿದ್ದೀರಿ. ಮೂರು ಸೆಂಟ್ಸ್ ಎಂದರೆ ಎರಡೋ ಮೂರೋ ತೆಂಗಿನ ಮರದ ಜಾಗ. ಕೊಡುವ ಮನಸ್ಸಾದರೆ ಬಾಯಿಮಾತಿನಲ್ಲಿ ಕೊಡಬೇಡಿ; ನೋಂದಣಿ ಆಗಿ, ವಿಲೇಜ್ ಆಫೀಸಿನ ತೆರಿಗೆ ರಶೀದಿ ಅವನ ಹೆಸರಿನಲ್ಲಿ ಬರಬೇಕು. ದಾಖಲೆಯಲ್ಲಿ ಗದ್ದೆ ಎಂದಿದ್ದರೆ 2008ರ ಗದ್ದೆ ಸಂರಕ್ಷಣಾ ಕಾಯಿದೆ ಅಡ್ಡ ಬರುತ್ತದೆ, ಮೊದಲೇ ವಿಚಾರಿಸಿ. ಆ ತೋಟದ ರೈತರಿಗೆ ಇದನ್ನೇ ಹೇಳಿದೆ. ಮಕ್ಕಳನ್ನು ಕೇಳಿ ಹೇಳುತ್ತೇನೆ ಎಂದಿದ್ದಾರೆ. ಅವರ ಕೆಲಸದವನು ಮರ ಏರುವ ತರಬೇತಿಗೆ ಹೆಸರು ಕೊಟ್ಟಿದ್ದಾನೆ.

ಬರುವ ಭಾನುವಾರ ಪೂಜೆಯ ನಂತರ ಶಾಲೆಯ ಜಗಲಿಯಲ್ಲಿ ಮಲಯಾಳ ಓದಬಲ್ಲ ಇಬ್ಬರು ಯುವಕರು ಕುಳಿತಿರುತ್ತಾರೆ. ರೇಷನ್ ಕಾರ್ಡು, ಆಧಾರ್, ತೆರಿಗೆ ರಶೀದಿ, ಬ್ಯಾಂಕು ಪುಸ್ತಕ, ಮತ್ತು ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಟ್ಟ ಕಾಗದಗಳಿದ್ದರೆ ಅವನ್ನೂ ತನ್ನಿ.